ಉತ್ತರಕುಮಾರನ ಹಾಸ್ಯ ನಾಟಕ: ರಥ, ಬೃಹನ್ನಳೆ, ಷಟ್ಪದಿ, ಮೈಕ್ ಬಗ್ಗೆ ಸಲಹೆ ಬೇಕು

ಊರಬಾಗಿಲು:

ನಮಸ್ಕಾರ. ರಾಜ್ಯೋತ್ಸವದ ಹೊತ್ತಿಗೆ ವಿರಾಟಪರ್ವದ ಉತ್ತರಕುಮಾರನ ಪ್ರಸಂಗವನ್ನು ಹಾಸ್ಯ ನಾಟಕವಾಗಿ ಆಡಬೇಕೆಂದಿದ್ದೇವೆ. ಮಾತು ನಮ್ಮದೇ, ನಡುನಡುವೆ ಕುಮಾರವ್ಯಾಸನ ಪದ್ಯ. ಹೈಸ್ಕೂಲ್ ಮೈದಾನದ ಕಟ್ಟೆಯೇ ರಂಗ: ಅಗಲ 24 ಅಡಿ, ಆಳ 16 ಅಡಿ, ಎತ್ತರ 3 ಅಡಿ, ಮೆಟ್ಟಿಲು ಎಡಗಡೆ ಮಾತ್ರ. ಜನ ಸುಮಾರು 400 ಸೇರಬಹುದು. ಪಾತ್ರಧಾರಿಗಳು 12 ಮಂದಿ, ಅದರಲ್ಲಿ ನಾಲ್ವರು ಹೆಣ್ಣುಮಕ್ಕಳು. ಈಗ ಓದಿದರೆ ಒಂದೂವರೆ ಗಂಟೆ ಹಿಡಿಯುತ್ತಿದೆ, ನಮಗೆ ಸಿಗುವುದು ಒಂದು ಗಂಟೆ.

ಕೇಳಬೇಕಾದ್ದು ಇಷ್ಟು. ರಥ ಮಾಡಿಸಬೇಕೋ ಬೇಡವೋ? ಬೃಹನ್ನಳೆ (ವೇಷ ಮರೆಸಿಕೊಂಡ ಅರ್ಜುನ) ಪಾತ್ರವನ್ನು ಗಂಡಸರೇ ಮಾಡುತ್ತಿದ್ದಾರೆ; ನಗು ಬರಬೇಕು, ಅಸಹ್ಯ ಆಗಬಾರದು. ಪದ್ಯ ಎಷ್ಟಿದ್ದರೆ ಸರಿ? ಬಯಲಲ್ಲಿ ಮೈಕ್ ಹೇಗೆ? ಬನ್ನಿಮರ ಹತ್ತುವ ದೃಶ್ಯ ಬಿಟ್ಟರೆ ಕಥೆ ನಿಲ್ಲುತ್ತದೆಯೇ? ಬಲ್ಲವರು ವಿವರವಾಗಿ ಹೇಳಿ.

ತಾಲೀಮುಮನೆ:

ಮೊದಲು ಕತ್ತರಿ ಹಾಕಿ. ದಕ್ಷಿಣ ಗೋಗ್ರಹಣ ಪೂರ್ತಿ ಹೋಗಲಿ. ಸುಶರ್ಮ ದಕ್ಷಿಣದಲ್ಲಿ ದನ ಹಿಡಿದ, ವಿರಾಟ ಸೈನ್ಯ ಕಟ್ಟಿಕೊಂಡು ಅತ್ತ ಹೋದ, ಅರಮನೆಯಲ್ಲಿ ಉಳಿದ ಗಂಡು ಉತ್ತರಕುಮಾರ ಒಬ್ಬನೇ. ಇಷ್ಟನ್ನು ದೂರು ತಂದ ಗೋಪಾಲಕ ಮೂರು ಮಾತಲ್ಲಿ ಹೇಳಿ ಮುಗಿಸುತ್ತಾನೆ. ಕೀಚಕನ ಹೆಸರೂ ಬೇಡ, ಎತ್ತಿದರೆ ಅದನ್ನು ವಿವರಿಸಬೇಕಾಗುತ್ತದೆ. ಉಳಿದದ್ದನ್ನು ಹೀಗೆ ಹಂಚಿಕೊಳ್ಳಿ: ಗೋಪಾಲಕನ ದೂರು 5 ನಿಮಿಷ, ಅಂತಃಪುರದ ಜಂಬ 11, ಕವಚ ತೊಡುವುದು 4, ರಥದ ದಾರಿ 4, ಸೈನ್ಯ ಕಂಡು ಓಡುವುದು 11, ಬನ್ನಿಮರ 8, ಯುದ್ಧ 4, ಅರಮನೆಗೆ ಮರಳುವುದು 6. ಒಟ್ಟು 53. ತಾಲೀಮಿನಲ್ಲಿ 53 ಬಂದರೆ ಜನ ನಗುತ್ತಾ ನಗುತ್ತಾ ಅದು ಒಂದು ಗಂಟೆ ಮುಟ್ಟುತ್ತದೆ. ತಾಲೀಮಿನಲ್ಲೇ 60 ಇಟ್ಟುಕೊಂಡವರು ಕೊನೆಯ ದೃಶ್ಯವನ್ನು ಓಡಿಸಬೇಕಾಗುತ್ತದೆ.

ನಗು ಹುಟ್ಟುವ ಜಾಗ ಒಂದೇ: ಹೆಂಗಸರ ಮುಂದೆ ಆಡಿದ ಮಾತು ರಣರಂಗದಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವುದು. ‘ಉತ್ತರನ ಪೌರುಷ ಒಲೆ ಮುಂದೆ’ ಅನ್ನುವ ಗಾದೆ ಗೊತ್ತಿಲ್ಲದ ಪ್ರೇಕ್ಷಕ ನಿಮ್ಮ ಮೈದಾನದಲ್ಲಿ ಇರಲಾರ. ಹಾಗಾಗಿ ಮುಂದೇನು ಅನ್ನುವುದು ಎಲ್ಲರಿಗೂ ಗೊತ್ತು, ಹೇಗೆ ಅನ್ನುವುದಷ್ಟೇ ನಿಮ್ಮ ಕೈಯಲ್ಲಿದೆ. ಗೋಪಾಲಕ ಭೀಷ್ಮ, ದ್ರೋಣ, ಕೃಪ, ಅಶ್ವತ್ಥಾಮ, ಕರ್ಣ, ದುರ್ಯೋಧನ ಎಂದು ಒಂದೊಂದೇ ಹೆಸರು ಹೇಳಲಿ. ಉತ್ತರ ಒಬ್ಬೊಬ್ಬರನ್ನೂ ಒಂದೊಂದು ಮಾತಲ್ಲಿ ಒರೆಸಿ ಹಾಕಲಿ. ರಣರಂಗದಲ್ಲಿ ಅವೇ ಹೆಸರು, ಅದೇ ಕ್ರಮದಲ್ಲಿ, ಈಗ ಬೃಹನ್ನಳೆಯ ಬಾಯಲ್ಲಿ ಬರಲಿ. ‘ಅಗೋ, ಆ ಬಿಳಿ ಗಡ್ಡದವರು ಭೀಷ್ಮರು’ ಅಂದಾಗ ಉತ್ತರ ಒಂದು ಗೇಣು ಕುಸಿಯಲಿ, ‘ದ್ರೋಣ’ ಅಂದಾಗ ಇನ್ನೊಂದು ಗೇಣು. ಆರನೆಯ ಹೆಸರಿಗೆ ಅವನು ರಥದ ಅಂಚಿನ ಕೆಳಗೆ ಹೋಗಿ ಕಿರೀಟ ಮಾತ್ರ ಕಾಣಬೇಕು. ಕ್ರಮ ತಪ್ಪಿದರೆ ಎರಡನೇ ಪಟ್ಟಿಯ ನಗು ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಜನ ಮನಸ್ಸಿನಲ್ಲಿ ಮುಂದಿನ ಹೆಸರಿಗೆ ಕಾಯುತ್ತಿರುತ್ತಾರೆ.

ಒಂದು ಎಚ್ಚರಿಕೆ. ಈ ಜಂಬದ ಪದ್ಯದಲ್ಲಿ ಕುಮಾರವ್ಯಾಸನ ಉತ್ತರ ಕೆಲವರು ಹಾರುವರು, ಕೆಲವರು ಯಮನ ನೆರೆಯೂರಿನವರು, ಕೆಲವರು ಅಧಮ ಕುಲದವರು ಎಂದು ಹಳಿಯುತ್ತಾನೆ. ಮುದುಕರನ್ನು ಯಮನ ನೆರೆಹೊರೆ ಮಾಡಿದ್ದಕ್ಕೆ ಇವತ್ತೂ ಜನ ಬಿದ್ದು ಬಿದ್ದು ನಗುತ್ತಾರೆ. ಕುಲದ ಮಾತಿಗೆ ಬರುವ ನಗು ಬೇರೆ ಜಾತಿಯದು. ಪದ್ಯವನ್ನು ಹಾಗೇ ಇಟ್ಟರೆ, ಆ ಮಾತು ಬಂದ ಕೂಡಲೇ ಸೈರಂಧ್ರಿ (ದಾಸಿಯ ವೇಷದ ದ್ರೌಪದಿ) ಕೆಲಸ ನಿಲ್ಲಿಸಿ ಅವನನ್ನು ದಿಟ್ಟಿಸಲಿ, ಉತ್ತರ ತೊದಲಿ ಮುಂದಿನ ಹೆಸರಿಗೆ ಹಾರಲಿ. ಹೇಳಿದವನು ಚಿಕ್ಕವನಾಗಬೇಕು. ಇದನ್ನು ನಿಭಾಯಿಸುವ ನಟಿ ಇಲ್ಲದಿದ್ದರೆ ಆ ಸಾಲನ್ನು ತೆಗೆದುಬಿಡಿ.

ಬೃಹನ್ನಳೆ ಬಗ್ಗೆ: ಚಪ್ಪಾಳೆ ತಟ್ಟುವುದು, ಸೊಂಟ ಕುಣಿಸುವುದು, ಕೀರಲು ದನಿ, ಮೂರೂ ಬೇಡ. ಲಿಂಗತ್ವ ಅಲ್ಪಸಂಖ್ಯಾತರನ್ನು ಗೇಲಿ ಮಾಡಿದ ಹಾಗಾಗುತ್ತದೆ ಅನ್ನುವುದು ದೊಡ್ಡ ಕಾರಣ. ನಾಟಕದ ಲೆಕ್ಕದಲ್ಲೂ ಅದು ನಷ್ಟವೇ: ಅರ್ಧ ಗಂಟೆ ಹಾಗೆ ಕುಣಿದವನು ಬನ್ನಿಮರದ ಕೆಳಗೆ ‘ನಾನು ಅರ್ಜುನ’ ಅಂದರೆ ಯಾರೂ ಒಪ್ಪುವುದಿಲ್ಲ. ಬೃಹನ್ನಳೆ ವಿರಾಟನ ಮನೆಯ ನಾಟ್ಯಾಚಾರ್ಯ. ಬೆನ್ನು ನೆಟ್ಟಗೆ, ಹೆಜ್ಜೆ ಅಳತೆಯದು, ದನಿ ನಟನದೇ ಸಹಜ ದನಿ, ಸ್ವಲ್ಪ ತಗ್ಗಿಸಿ. ಕವಚವನ್ನು ತಲೆಕೆಳಗಾಗಿ ತೊಟ್ಟು ಅಂತಃಪುರದ ಹುಡುಗಿಯರನ್ನು ನಗಿಸುವ ಪ್ರಸಂಗ ವ್ಯಾಸಭಾರತದಲ್ಲೇ ಇದೆ. ಅಲ್ಲಿ ಹುಡುಗಿಯರು ನಗಲಿ, ಬೃಹನ್ನಳೆ ನಗಬಾರದು, ಪ್ರೇಕ್ಷಕರ ಕಡೆ ಕಣ್ಣು ಮಿಟುಕಿಸಲೂಬಾರದು. ಮುಖ ಗಂಭೀರವಾಗಿದ್ದಷ್ಟೂ ಉತ್ತರನ ಮಾತು ಮೇಲೇಳುತ್ತದೆ.

ಓಡುವ ದೃಶ್ಯ ಮೂರು ಸುತ್ತು ಸಾಕು, ಮೂರೂ ಬೇರೆ ಬೇರೆ. ಮೊದಲನೆಯದು ನಿಜವಾದ ಓಟ. ಎರಡನೆಯದರಲ್ಲಿ ಇಬ್ಬರಿಗೂ ಏದುಸಿರು, ನಡಿಗೆಯಲ್ಲೇ ಅಟ್ಟಿಸಿಕೊಂಡು ಹೋಗುವುದು. ಮೂರನೆಯದು ಚೌಕಾಸಿ. ಮೂಲದಲ್ಲಿ ಸಿಕ್ಕಿಬಿದ್ದ ಉತ್ತರ ಬಿಟ್ಟುಬಿಡು ಎಂದು ನೂರು ನಿಷ್ಕ ಚಿನ್ನ, ಎಂಟು ವೈಡೂರ್ಯ, ಒಂದು ರಥ, ಹತ್ತು ಮದ್ದಾನೆ ಕೊಡುತ್ತೇನೆ ಅನ್ನುತ್ತಾನೆ. ಇದಕ್ಕಿಂತ ಒಳ್ಳೆಯ ಹಾಸ್ಯವನ್ನು ನಾವು ಬರೆಯಲಾರೆವು. ಬೃಹನ್ನಳೆ ಸುಮ್ಮನಿದ್ದಷ್ಟೂ ಅವನು ಏರಿಸುತ್ತಾ ಹೋಗಲಿ. ಮೊಬೈಲ್, ಚುನಾವಣೆ, ಟೀವಿ ಧಾರಾವಾಹಿಯ ಜೋಕು ತುರುಕಬೇಡಿ. ಒಂದು ಬಂದರೆ ಹತ್ತು ಬರುತ್ತವೆ, ಕಥೆ ಕೈತಪ್ಪುತ್ತದೆ.

ಮೊಳೆ ಸುತ್ತಿಗೆ:

ರಥದ ಮಾತು ನನಗಿರಲಿ. ನಿಮ್ಮ 16 ಅಡಿ ಆಳದಲ್ಲಿ ಹಿಂದಿನ ಪರದೆಗೆ 2 ಅಡಿ, ಮುಂದೆ ಮೈಕಿಗೆ 2 ಅಡಿ ಹೋದರೆ ಉಳಿಯುವುದು 12. ಪೂರ್ತಿ ರಥ ಅಂದರೆ 6 ಅಡಿ ಉದ್ದ, ಮೂರೂವರೆ ಅಡಿ ಅಗಲದ ಹಲಗೆ, ಅದಕ್ಕೆ ಕುದುರೆ ಬೇರೆ. ಓಡಲು ಜಾಗ ಎಲ್ಲಿ? ಚಕ್ರದ ರಥ ಬೇಡ, ರಥದ ಮುಖ ಮಾತ್ರ ಸಾಕು.

12 ಮಿಮೀ ಪ್ಲೈವುಡ್‌ನಲ್ಲಿ 4 ಅಡಿ ಅಗಲ, ಮೂರು ಅಡಿ ಎತ್ತರದ ಮುಂಭಾಗ ಕತ್ತರಿಸಿ. ಹಿಂದೆ ಒಂದು ಇಂಚಿನ ಚೌಕ ಪೈಪಿನ ಚೌಕಟ್ಟು, ಎರಡು ಬದಿಗೆ ಎರಡೆರಡು ಅಡಿ ಹಿಂದಕ್ಕೆ ಚಾಚಿದ ಕಾಲು, ಒಂದೊಂದು ಕಾಲಿನ ಮೇಲೆ 10 ಕೆಜಿ ಮರಳಿನ ಚೀಲ. ಚೀಲ ಇಡದಿದ್ದರೆ ಉತ್ತರ ಅಂಚಿಗೆ ಆತುಕೊಂಡ ಕೂಡಲೇ ರಥ ಪ್ರೇಕ್ಷಕರ ಕಡೆ ಮಗುಚುತ್ತದೆ. ಮುಂದೆ ಎರಡು ಕುದುರೆ ಮುಖ, 6 ಮಿಮೀ ಪ್ಲೈನಲ್ಲಿ, ಕುತ್ತಿಗೆ ಬುಡದಲ್ಲಿ ಒಂದೇ ಬೋಲ್ಟು. ಲಗಾಮು ಎಳೆದರೆ ಕುದುರೆ ತಲೆ ಆಡಿಸಬೇಕು. ಬೋಲ್ಟಿಗೆ ಎರಡು ಕಡೆ ವಾಷರ್ ಹಾಕಿ ಡಬಲ್ ನಟ್ ಬಿಗಿಯಿರಿ, ಒಂದೇ ನಟ್ ಆಡಿ ಆಡಿ ಸಡಿಲಾಗಿ ನಡುವೆ ಬಿಚ್ಚಿಕೊಳ್ಳುತ್ತದೆ. ಲಗಾಮಿಗೆ ನೈಲಾನ್ ಹಗ್ಗ ಬೇಡ, ಕೈ ಜಾರುತ್ತದೆ. ಹತ್ತಿಯ ನಾಡಾ ಹಾಕಿ.

ಓಟ ತೋರಿಸುವುದು ಹೇಗೆ? ರಥ ಇದ್ದಲ್ಲೇ ಇರಲಿ, ಊರು ಓಡಲಿ. ಇಬ್ಬರು ಹುಡುಗರು ರಟ್ಟಿನ ಮರ, ಗುಡಿ, ಬಾವಿ ಹಿಡಿದುಕೊಂಡು ಹಿಂದೆ ಎದುರು ದಿಕ್ಕಿನಲ್ಲಿ ಓಡಲಿ, ಪರದೆಯ ಹಿಂದಿನಿಂದ ಸುತ್ತಿ ಮತ್ತೆ ಬರಲಿ. ಅದೇ ಗುಡಿ ಮೂರನೇ ಸಲ ಬಂದಾಗ ಉತ್ತರ ಕೈಮುಗಿಯುವುದನ್ನು ಮರೆಯದಿರಲಿ. ನಟರಿಬ್ಬರೂ ಮೊಣಕಾಲು ಸಡಿಲ ಬಿಟ್ಟು ಒಂದೇ ಲಯಕ್ಕೆ ಕುಲುಕಬೇಕು, ಲಯ ಬೇರೆಯಾದರೆ ಒಬ್ಬನೇ ರಥದಲ್ಲಿದ್ದಂತೆ ಕಾಣುತ್ತದೆ.

ಬನ್ನಿಮರ ಬಿಡಬೇಡಿ. ಪಾಂಡವರು ಆಯುಧದ ಗಂಟಿನ ಜೊತೆ ಹೆಣ ಕಟ್ಟಿದ್ದರು, ಹಾಗಾಗಿ ಹತ್ತಲು ಉತ್ತರನಿಗೆ ಇನ್ನೊಂದು ಹೆದರಿಕೆ. 6 ಅಡಿಯ ಎ ಆಕಾರದ ಏಣಿ ತೆಗೆದುಕೊಂಡು ಗೋಣಿತಟ್ಟು ಸುತ್ತಿ. ಮೆಟ್ಟಿಲ ಮೇಲ್ಮೈಗೆ ಮಾತ್ರ ಗೋಣಿ ಬರಕೂಡದು, ಕಾಲು ಜಾರುತ್ತದೆ. ಹಿಂದಿನಿಂದ ಒಬ್ಬ ಏಣಿ ಹಿಡಿದೇ ಇರಬೇಕು. ಹಸಿ ಕೊಂಬೆ ಕಟ್ಟುವವರು ಕಡಿಮೆಯಿಲ್ಲ. ಮಧ್ಯಾಹ್ನ ಕಡಿದು ಕಟ್ಟಿದ್ದು ರಾತ್ರಿ ದೀಪದ ಬಿಸಿಗೆ ಬಾಡಿ ಎಲೆ ಉದುರಿಸುತ್ತದೆ, ಆ ಎಲೆಯ ಮೇಲೆ ಬರಿಗಾಲಲ್ಲಿ ಓಡಿದವನು ಬೀಳುತ್ತಾನೆ. ಹಸಿರು ಬಟ್ಟೆಯ ತುಂಡು ಹೊಲಿದ ಹಳೆಯ ಬಲೆ ಸಾಕು.

ಕೌರವರಿಗೆ ನಟರೇ ಬೇಡ. ಐದು ಬಿದಿರು ಗಳ ನೆಟ್ಟು ಒಂದೊಂದಕ್ಕೆ ಒಂದು ಉತ್ತರೀಯ. ತಂಗಿ ಉತ್ತರೆ ಬೊಂಬೆಗೆಂದು ಬಟ್ಟೆ ಕೇಳಿದ್ದಾಳಲ್ಲ, ಸಮ್ಮೋಹನಾಸ್ತ್ರಕ್ಕೆ ಎಲ್ಲರೂ ಒರಗಿದ ಮೇಲೆ ಉತ್ತರ ಅವನ್ನೇ ಬಿಚ್ಚಿಕೊಂಡು ಬರುತ್ತಾನೆ. ಮೂಲದ ಬಣ್ಣವನ್ನೇ ಇಡಿ: ದ್ರೋಣ, ಕೃಪರಿಗೆ ಬಿಳಿ, ಕರ್ಣನಿಗೆ ಹಳದಿ, ಅಶ್ವತ್ಥಾಮ, ದುರ್ಯೋಧನರಿಗೆ ನೀಲಿ. ಭೀಷ್ಮನ ಗಳ ದೂರದಲ್ಲಿ ಒಂಟಿಯಾಗಿರಲಿ, ಅವನೊಬ್ಬ ಎಚ್ಚರ ತಪ್ಪುವುದಿಲ್ಲ. ಒಟ್ಟು ಆರು ಗಳ ಆಯಿತು. ಬಟ್ಟೆಗೆ ಪಿನ್ನು ಹಾಕಬೇಡಿ, ಎಳೆದರೆ ಬಿಚ್ಚುವ ಜಾರುಗಂಟು ಹಾಕಿ. ಗಳಗಳನ್ನು ಸಿಮೆಂಟ್ ತುಂಬಿದ ಎಣ್ಣೆ ಡಬ್ಬಿಯಲ್ಲಿ ನಿಲ್ಲಿಸಿದರೆ ಗಾಳಿಗೆ ಬೀಳವು.

ಕಪ್ಪು ಒಂದು:

ನೋಡ್ರಿ, ಪದ್ಯದ ಬಗ್ಗೆ ಯಾರೂ ಹೇಳಲಿಲ್ಲ ಅಂತ ನಾ ಹೇಳ್ತೀನಿ. ಒಂದು ತಾಸಿನ ನಾಟಕಕ್ಕ ಆರು ಪದ್ಯ, ಹೆಚ್ಚಂದ್ರ ಎಂಟು. ಗಮಕಿಗಳು ರಾಗ ಬೆಳೆಸಿ ವಾಚನ ಮಾಡಿದ್ರ ಒಂದಕ್ಕ ಎರಡು ನಿಮಿಷ ಹಿಡೀತದ. ಹಾಸ್ಯದಾಗ ಅಷ್ಟು ಹೊತ್ತು ನಟ ಸುಮ್ನ ನಿಂತ್ರ ಕಾವು ಆರತದ. 40 ಸೆಕೆಂಡಿಗೆ ಮುಗಸ್ರಿ.

ಕುಮಾರವ್ಯಾಸನ ಪದ್ಯ ಭಾಮಿನಿ ಷಟ್ಪದಿ, ಅದರ ಲೆಕ್ಕ ಮೂರು-ನಾಲ್ಕು ಮಾತ್ರೆ. ಒಂದು, ಎರಡು, ನಾಲ್ಕು, ಐದನೇ ಸಾಲು 3-4-3-4, ಮೂರು ಮತ್ತ ಆರನೇ ಸಾಲು 3-4-3-4-3-4 ಆಗಿ ಮ್ಯಾಲೊಂದು ಗುರು. ಗಮಕಕ್ಕ ತಾಳದ ಕಟ್ಟು ಇಲ್ಲ, ಖರೆ. ಆದ್ರ ನಾಟಕದಾಗ ರಥ ಓಡ್ಬೇಕಲ್ರಿ? ಏಳು ಮಾತ್ರೆ ಅಂದ್ರ ತಬಲಾದಾಗ ರೂಪಕ ನೆಟ್ಟಗ ಕೂಡತದ, ಮೃದಂಗ ಇದ್ರ ಮಿಶ್ರಛಾಪು. ಜಂಬದ ಪದ್ಯ ಮಧ್ಯಲಯದಾಗ, ರಥದ ಪದ್ಯ ದ್ರುತದಾಗ. ಸೈನ್ಯ ಕಂಡ ಪದ್ಯಕ್ಕ ಮೂರನೇ ಸಾಲಿನ ಕೊನೀ ಗುರುವಿನ ಮ್ಯಾಲ ತಬಲಾ ಗಪ್ಪನ ನಿಲ್ಲಿಸ್ರಿ. ಆ ಖಾಲಿ ಜಾಗದಾಗ ಉತ್ತರ ‘ಬೃಹನ್ನಳೇ…’ ಅಂತ ಸಣ್ಣ ದನಿಯಾಗ ಕರೀಲಿ. ಹಾಡಾವರು ಉಳಿದ ಮೂರು ಸಾಲು ಹಾಡೂದೇ ಬ್ಯಾಡ, ಅಂವ ಓಡಿಹೋಗಿರತಾನ.

ಪೇಟಿ ಶ್ರುತಿ ಗಂಡಸರಿಗಾದ್ರ ಕಪ್ಪು ಒಂದು (ಅಂದ್ರ ಮೊದಲನೇ ಕರೀ ಮನಿ), ಹೆಣ್ಮಕ್ಕಳಿಗೆ ಕಪ್ಪು ನಾಲ್ಕು ಇಲ್ಲಾ ಐದು. ನಟರು ತಾವೇ ಹಾಡಾವರಿದ್ರ ಓಡಿದ ಮ್ಯಾಲೆ ಅವರಿಗೆ ಪದ್ಯ ಕೊಡಬ್ಯಾಡ್ರಿ, ಉಸಿರು ಸಿಗೂದಿಲ್ಲ.

ಇನ್ನೊಂದು. ಉತ್ತರ ‘ನೀ ಅರ್ಜುನ ಅನ್ನೂದಕ್ಕ ಸಾಕ್ಷಿ ಏನು, ಹತ್ತು ಹೆಸರು ಹೇಳು’ ಅಂತಾನ. ಗುಡುಗಿದಾಗ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ ಅನ್ನೂದು ನಮ್ಮ ಕಡೆ ಹಳೇ ಮಂದಿಗೆ ಬಾಯಿಪಾಠ. ಆ ದೃಶ್ಯದಾಗ ಗುಡುಗು ಹಾಕ್ರಿ. 6 ಅಡಿ ಉದ್ದ, 3 ಅಡಿ ಅಗಲದ ತೆಳು ತಗಡು ಹಗ್ಗಕ್ಕ ಜೋತು ಬಿಟ್ಟು ಕೆಳಗಿನ ಅಂಚು ಹಿಡಿದು ಅಲುಗಾಡಿಸಿದ್ರ ಆತು, ರೆಕಾರ್ಡ್ ಬೇಕಾಗೂದಿಲ್ಲ. ಅರ್ಜುನ ಮೊದಲನೇ ಹೆಸರು ಹೇಳಿ ನಿಂತ್ರ ಉಳಿದ ಒಂಬತ್ತು ಮಂದೀನ ಹೇಳ್ತಾರ.

ಊರಬಾಗಿಲು:

ಆರು ಗಳದ ಉಪಾಯಕ್ಕೆ ನಮ್ಮ ಪಾತ್ರಧಾರಿಗಳ ಕೊರತೆಯೇ ನೀಗಿತು, ತುಂಬಾ ಉಪಕಾರ. ಇನ್ನೆರಡು ಸಂಶಯ. ಕೊನೆಯಲ್ಲಿ ವಿರಾಟ ದಾಳ ಎಸೆದು ಕಂಕನ (ವೇಷ ಮರೆಸಿಕೊಂಡ ಧರ್ಮರಾಯ) ಮೂಗಿನಿಂದ ರಕ್ತ ಬರುವುದನ್ನು ಹಾಸ್ಯ ನಾಟಕದಲ್ಲಿ ಇಡಬಹುದೇ? ಮತ್ತೆ ಬೃಹನ್ನಳೆಯ ಜಡೆ, ಸೀರೆಯಲ್ಲಿ ಓಡುವುದು ಹೇಗೆ?

ತಾಲೀಮುಮನೆ:

ರಕ್ತದ ದೃಶ್ಯ ತೆಗೆದುಬಿಡಿ. ಜನ ನಗುತ್ತಾ ಎದ್ದು ಹೋಗಬೇಕು. ಉತ್ತರ ಬೊಂಬೆ ಬಟ್ಟೆ ತಂದು ತಂಗಿಗೆ ಕೊಟ್ಟಲ್ಲಿಗೆ ತೆರೆ ಎಳೆಯಿರಿ.

ಚೌಕಿ:

ಒಪ್ಪುವುದಿಲ್ಲ. ಆ ದೃಶ್ಯದ ಮೊದಲರ್ಧವೇ ನಾಟಕದ ಅತ್ಯುತ್ತಮ ಹಾಸ್ಯ. ವಿರಾಟ ‘ನನ್ನ ಮಗ ಭೀಷ್ಮರನ್ನೇ ಗೆದ್ದ’ ಅಂದಾಗಲೆಲ್ಲ ಕಂಕ ದಾಳ ಉರುಳಿಸುತ್ತಾ ‘ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲ್ಲದೆ ಇರುತ್ತಾನೆಯೇ’ ಅನ್ನುತ್ತಾನೆ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ದಾಳ ಮುಖಕ್ಕೆ ಬರುತ್ತದೆ. ಜನ ನಗುತ್ತಿರುವಾಗಲೇ ಬಂದು ತಾಗಬೇಕು. ರಕ್ತಕ್ಕೆ ಬಣ್ಣದ ನೀರು ಬೇಡ, ಬಿಳಿ ಪಂಚೆಗೆ ಬಿದ್ದರೆ ಹೋಗುವುದಿಲ್ಲ. ಅಂಗೈಯಲ್ಲಿ ಮಡಚಿಟ್ಟ ಕೆಂಪು ರೇಷ್ಮೆ ಚೂರು ಮೂಗಿನಿಂದ ಸೈರಂಧ್ರಿಯ ಬಟ್ಟಲಿಗೆ ಇಳಿದರೆ ಸಾಕು. ಆಮೇಲೆ ಉತ್ತರ ಒಳಗೆ ಬಂದು, ಮೊದಲ ಬಾರಿಗೆ ಜಂಬವಿಲ್ಲದೆ, ‘ಗೆದ್ದದ್ದು ನಾನಲ್ಲ, ಒಬ್ಬ ದೇವಪುತ್ರ’ ಅನ್ನುತ್ತಾನೆ. ಅದು ಕಥೆಯಲ್ಲೇ ಇದೆ. ಜಂಬ ಇಳಿಯದ ಉತ್ತರ ಬರೀ ಕೋಡಂಗಿ. ಎರಡೂವರೆ ನಿಮಿಷದ ಕೆಲಸ, ಉಳಿಸಿಕೊಳ್ಳಿ.

ವೇಷದ ವಿಚಾರ. ಸೀರೆಯನ್ನು ಕಚ್ಚೆ ಹಾಕಿಯೇ ಉಡಿಸಿ, ಒಳಗೆ ಬಿಗಿ ಚಡ್ಡಿ, ಸೊಂಟದಲ್ಲಿ ಲಾಡಿ ಕಟ್ಟಿ ಅದರ ಮೇಲೆ ಡಾಬು. ಅಂಚು ಹರಡಿಗಿಂತ ನಾಲ್ಕು ಬೆರಳು ಮೇಲಿರಲಿ. ಜಡೆ ಹಾರಾಡಬೇಕು, ಅದನ್ನು ಕಂಡೇ ಕೌರವರು ನಗುವುದು. ಚೌರಿಯನ್ನು ಕೂದಲಿಗೆ ಪಿನ್ನು ಹಾಕಿ ನಿಲ್ಲಿಸಿದರೆ ಎರಡನೇ ಸುತ್ತಿಗೆ ಕೈಗೆ ಬರುತ್ತದೆ. ತಲೆಗೆ ಮೊದಲು ಬಟ್ಟೆಯ ಪಟ್ಟಿ ಬಿಗಿದು ಚೌರಿಯ ಬುಡವನ್ನು ಅದಕ್ಕೇ ಹೊಲಿದು, ಮೇಲೆ ವಿಗ್ ಇಡಿ. ಉದ್ದ ಸೊಂಟದವರೆಗೆ ಸಾಕು. ಉತ್ತರನಿಗೆ ಮೀಸೆ ಅಂಟಿಸಬೇಡಿ, ಬೆವರಿಗೆ ಒಂದು ತುದಿ ಏಳುತ್ತದೆ. ಕಪ್ಪು ಪೆನ್ಸಿಲಿನಲ್ಲಿ ಎಳೆ ಮೀಸೆ ಬರೆಯಿರಿ, ಅವನ ವಯಸ್ಸಿಗೂ ಅದೇ ಒಪ್ಪುತ್ತದೆ.

ಮೂರನೇ ಫೇಸ್:

ಮೈಕ್, ಬೆಳಕು. ಬಯಲಲ್ಲಿ ಮೇಲಿನಿಂದ ಮೈಕ್ ತೂಗುಬಿಟ್ಟರೆ ಗಾಳಿಯ ಸದ್ದೇ ಹೆಚ್ಚು. ಕಟ್ಟೆಯ ಅಂಚಿಗೆ ಮೂರು ನೆಲದ ಮೈಕ್, ಪ್ರತಿಯೊಂದರ ಕೆಳಗೆ ಒಂದಿಂಚಿನ ಸ್ಪಂಜು. ಸ್ಪಂಜಿಲ್ಲದಿದ್ದರೆ ಓಟದ ಹೆಜ್ಜೆ ಗುಡುಗಿನಂತೆ ಕೇಳುತ್ತದೆ. ಕಾಲರ್ ಮೈಕ್ ಉತ್ತರನಿಗೆ ಮತ್ತು ಬೃಹನ್ನಳೆಗೆ ಮಾತ್ರ ಕೊಟ್ಟರೂ ನಡೆಯುತ್ತದೆ. ಎದೆಗೆ ಸಿಕ್ಕಿಸಬೇಡಿ, ಕವಚಕ್ಕೆ ಉಜ್ಜಿ ಕರಕರ ಎನ್ನುತ್ತದೆ. ಹಣೆಯ ಮೇಲೆ ವಿಗ್ಗಿನ ಅಂಚಿಗೆ ಔಷಧಿ ಅಂಗಡಿಯ ಕಾಗದದ ಟೇಪಿನಿಂದ ಅಂಟಿಸಿ. ಸೊಂಟದ ಪೆಟ್ಟಿಗೆಯನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಟ್ಟೆಯ ಚೀಲದೊಳಗೆ ಹಾಕಿ, ಬೆವರು ಹೋದರೆ ದನಿ ಕಡಿಯುತ್ತದೆ. ಓಟ ಜನರ ನಡುವೆ ಬಂದರೆ ರಿಸೀವರನ್ನು ಆಳೆತ್ತರಕ್ಕಿಂತ ಮೇಲೆ ಇಡಿ, ಸಂಕೇತವನ್ನು ಮೈಗಳು ತಡೆಯುತ್ತವೆ. ಸ್ಪೀಕರ್ ಯಾವಾಗಲೂ ಮೈಕಿನ ಸಾಲಿಗಿಂತ ಮುಂದಿರಲಿ, ಹಿಂದಿದ್ದರೆ ಮೈಕ್ ಕುಂಯ್ ಎಂದು ಕೂಗುವುದು ಖಂಡಿತ. ಶಂಖ ಊದುವವರು ಮೈಕಿನಿಂದ ನಾಲ್ಕು ಅಡಿ ದೂರ.

ಬೆಳಕಿಗೆ 1000 ವ್ಯಾಟಿನ ಪಾರ್ ದೀಪ ಆರು ಸಾಕು. ಶಾಲೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕುವ ಆಸೆ ಬೇಡ. 230 ವೋಲ್ಟಿಗೆ ಅದು ತಡೆಯುವುದು 3450 ವ್ಯಾಟ್, ನಾಲ್ಕನೇ ದೀಪಕ್ಕೆ ಟ್ರಿಪ್. ಬೆಳಕು, ಧ್ವನಿ ಸೇರಿ ಎಂಟು ಕಿಲೋವ್ಯಾಟ್ ಆಗುತ್ತದೆ, 15 ಕೆವಿಎ ಜನರೇಟರ್ ತರಿಸಿ. ಧ್ವನಿಗೆ ಪ್ರತ್ಯೇಕ ಫೇಸ್ ಕೊಡಿ, ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇರುವ ಲೈನಿನಲ್ಲೇ ಕೊಟ್ಟರೆ ಝುಂಯ್ ಎನ್ನುತ್ತಿರುತ್ತದೆ. ರಣರಂಗ ಅಂತ ನೀಲಿ, ಕೆಂಪು ಬೆಳಕು ಮಾಡಿದರೆ ಉತ್ತರನ ಕಣ್ಣು ಕಾಣುವುದಿಲ್ಲ, ನೀಲಿಯಲ್ಲಿ ಕುಂಕುಮ ಕಪ್ಪಾಗುತ್ತದೆ. ಹಾಸ್ಯಕ್ಕೆ ಮುಖದ ಮೇಲೆ ಬಿಳಿ ಬೆಳಕು ಬೇಕು, ಮುಂದಿನಿಂದ ಸುಮಾರು 45 ಡಿಗ್ರಿ ಕೋನದಲ್ಲಿ.

ಹೊತ್ತಿನ ಮಾತು. ಬಯಲಲ್ಲಿ ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ನಿಷಿದ್ಧ. ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಡಿ. ಸಭಾ ಕಾರ್ಯಕ್ರಮ, ಸನ್ಮಾನ, ವಂದನಾರ್ಪಣೆ ಎಲ್ಲ ನಾಟಕದ ಮುಂದೆ ಇಟ್ಟರೆ ತೆರೆ ಏಳುವುದು ಒಂಬತ್ತೂವರೆಗೆ, ಬನ್ನಿಮರದ ಹತ್ತಿರ ಮೈಕ್ ಬಂದ್. 7 ಗಂಟೆಗೆ ನಾಟಕ, ಹಾರ ತುರಾಯಿ ಆಮೇಲೆ ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ.